ನಲವತ್ತನೆಯ ಮೆಟ್ಟಿಲು

ನಮ್ಮ ಊರಿನ ಹೊಂಡ ಮಳೆಗೆ ತುಂಬುವುದಿಲ್ಲ, ಬಿಸಿಲಿಗೆ ಬತ್ತುವುದಿಲ್ಲ. ದೇಶದ ಸಗಟು ಮಾರುಕಟ್ಟೆಯಲ್ಲಿ ಕರೆಂಟಿನ ದರ ಏರಿದರೆ ಅದರ ನೀರು ಏರುತ್ತದೆ, ದರ ಇಳಿದರೆ ಇಳಿಯುತ್ತದೆ. ಮೆಟ್ಟಿಲು ಎಣಿಸುವುದು ತಳದಿಂದ, ಒಂದು ಮೆಟ್ಟಿಲು ಎಂದರೆ ಯೂನಿಟ್ಟಿಗೆ ಇಪ್ಪತ್ತೈದು ಪೈಸೆ. ನೀರು ಹದಿನಾರನೆಯ ಮೆಟ್ಟಿಲಲ್ಲಿ ನಿಂತಿದ್ದರೆ ಆ ಹೊತ್ತಿಗೆ ಕರೆಂಟು ನಾಲ್ಕು ರೂಪಾಯಿ, ಇಪ್ಪತ್ತರಲ್ಲಿದ್ದರೆ ಐದು. ಮಳೆಗಾಲದಲ್ಲಿ ಬೇರೆ ಊರಿನ ಕೆರೆಗಳೆಲ್ಲ ಕೋಡಿ ಬಿದ್ದಾಗ ನಮ್ಮ ಹೊಂಡ ತಳ ಕಾಣುತ್ತದೆ. ಆಗ ಎಲ್ಲೆಲ್ಲೂ ಗಾಳಿ ಬೀಸುತ್ತಿರುತ್ತದೆ, ಅಣೆಕಟ್ಟುಗಳು ತುಂಬಿರುತ್ತವೆ, ಕರೆಂಟು ಅಗ್ಗ. ಗಣಪತಿಯನ್ನು ಬಿಡಲು ಎಂಟನೆಯ ಮೆಟ್ಟಿಲವರೆಗೆ ಹೊತ್ತು ಇಳಿಯಬೇಕಾಗುವುದರಿಂದ ನಮ್ಮಲ್ಲಿ ಯಾರೂ ದೊಡ್ಡ ಗಣಪತಿ ಕೂರಿಸುವುದಿಲ್ಲ. ಮಕ್ಕಳಿಗೆ ಈಜು ಕಲಿಸುವುದು ಏಪ್ರಿಲ್ಲಿನಲ್ಲಿ. ಹೆಣ್ಣು ನೋಡಲು ಬಂದ ಬೀಗರು ‘ನಿಮ್ಮೂರಲ್ಲಿ ನೀರು ಹೆಂಗೆ?’ ಎಂದು ಕೇಳಿದರೆ ನಮ್ಮವರು ‘ಕಲ್ಲಿದ್ದಲು ಇದ್ದ ಹಂಗೆ’ ಎನ್ನುತ್ತಾರೆ.

ಆ ಮೆಟ್ಟಿಲು ಓದುವ ಕೆಲಸ ನನ್ನದು. ಪುರಸಭೆಯ ಕಡತದಲ್ಲಿ ನನ್ನ ಹುದ್ದೆಗೆ ಒಂದು ಉದ್ದನೆಯ ಹೆಸರಿದೆ, ಊರಲ್ಲಿ ನಾನು ಮೆಟ್ಟಿಲು ಚಂಪಕ್ಕ. ಇಪ್ಪತ್ಮೂರು ವರ್ಷಗಳಿಂದ ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಒಂದಕ್ಕೆ, ಸಂಜೆ ಏಳಕ್ಕೆ ಹೊಂಡಕ್ಕೆ ಹೋಗಿ ನೀರು ಯಾವ ಮೆಟ್ಟಿಲಲ್ಲಿದೆ ಎಂದು ಬರೆದುಕೊಳ್ಳುತ್ತೇನೆ. ಶನಿವಾರ ಹೊಂಡದ ಬಾಗಿಲಿನ ಕರಿಹಲಗೆಯ ಮೇಲೆ ವಾರದ ವರದಿ ಬರೆಯುತ್ತೇನೆ. ಈ ವಾರದ ಸರಾಸರಿ ಇಷ್ಟು, ಹಿಂದಿನ ವಾರಕ್ಕಿಂತ ಇಷ್ಟು ಮೇಲೆ ಅಥವಾ ಕೆಳಗೆ, ಮುಂದಿನ ವಾರ ಇಷ್ಟಾಗಬಹುದು. ಅದರ ಕೆಳಗೆ ಕಾರಣ. ಹಡಗಿನ ಕಲ್ಲಿದ್ದಲು ತುಟ್ಟಿಯಾಯಿತು, ಗ್ಯಾಸ್ ಇಳಿಯಿತು, ಗಾಳಿ ಬಿತ್ತು, ಎರಡು ಸ್ಥಾವರಗಳು ರಿಪೇರಿಗೆ ನಿಂತವು, ಹೀಗೆ. ಇದಕ್ಕಾಗಿ ದಿನಾ ಮೂರು ಪೇಪರು ಓದುತ್ತೇನೆ, ರೇಡಿಯೋ ಕೇಳುತ್ತೇನೆ. ನನ್ನ ಅಂದಾಜು ಹೆಚ್ಚು ಕಡಿಮೆ ಆಗಿದ್ದು ಅಪರೂಪ. ಜಂಬ ಎಂದರೆ ಜಂಬವೇ ಸರಿ. ಊರಿನವರು ನನ್ನ ಹಲಗೆ ನೋಡಿ ಮದುವೆಗೆ ದಿನ ಗೊತ್ತು ಮಾಡುತ್ತಿದ್ದರು.

ಹೊಂಡಕ್ಕೆ ಮೂರು ದಿಕ್ಕಿನಲ್ಲಿ ನಲವತ್ನಾಲ್ಕು ಮೆಟ್ಟಿಲುಗಳು. ಮೂಡಣ ದಿಕ್ಕಿನಲ್ಲಿ ಮಾತ್ರ ನಲವತ್ತು. ಅಲ್ಲಿ ನೆಲವೇ ತಗ್ಗು. ಆ ನಲವತ್ತನೆಯ ಮೆಟ್ಟಿಲಿನ ಆಚೆಗೆ ನೀಲಿ ಓಣಿ ಶುರುವಾಗುತ್ತದೆ. ನೂಲಿಗೆ ನೀಲಿ ಬಣ್ಣ ಹಾಕುವ ಇಪ್ಪತ್ತೊಂದು ಮನೆಗಳು ಅಲ್ಲಿವೆ. ಪ್ರತಿ ಮನೆಯ ಹಿತ್ತಲಿನಲ್ಲಿ ಕುತ್ತಿಗೆಯವರೆಗೆ ನೆಲದಲ್ಲಿ ಹೂತ ಒಂದೊಂದು ದೊಡ್ಡ ಬಾನಿ. ಅದರೊಳಗೆ ನೀಲಿ, ಸುಣ್ಣ, ತೌಡು, ಬೆಲ್ಲ ಹುದುಗೇಳುತ್ತಿರುತ್ತವೆ. ಬಾನಿ ಬದುಕಿರುತ್ತದೆ ಎಂದೇ ಅವರು ಹೇಳುವುದು. ದಿನಕ್ಕೆರಡು ಸಲ ಕಲಕಬೇಕು, ಹಸಿವಾದಾಗ ತೌಡು ಹಾಕಬೇಕು, ತಣ್ಣಗಾಗಲು ಬಿಡಬಾರದು. ಚೆನ್ನಾಗಿ ನೋಡಿಕೊಂಡರೆ ಅಜ್ಜಿ ಹಾಕಿದ ಬಾನಿಯಲ್ಲಿ ಮೊಮ್ಮಗಳು ನೂಲು ಅದ್ದುತ್ತಾಳೆ. ನಾಲ್ಕು ದಿನ ಬಿಟ್ಟು ಹೋದರೆ ಕೊಳೆತು ನಾರುತ್ತದೆ, ಅಷ್ಟಕ್ಕೆ ಅದು ಸತ್ತಂತೆ.

ನಾನು ಹೇಳುತ್ತಿರುವ ವರ್ಷ ಬೇಸಿಗೆ ಹೊತ್ತಿಗೆ ಮುಂಚೆಯೇ ಬಂತು. ಮಾರ್ಚ್ ಮುಗಿಯುವ ಮೊದಲೇ ದೇಶದ ಪಟ್ಟಣಗಳಲ್ಲಿ ಫ್ಯಾನು, ಕೂಲರು, ಏಸಿ ಎಲ್ಲ ತಿರುಗತೊಡಗಿದವು. ದೂರದ ಸಮುದ್ರದಲ್ಲಿ ಯಾವುದೋ ಜಗಳವಾಗಿ ಕಲ್ಲಿದ್ದಲಿನ ಹಡಗುಗಳು ಸುತ್ತು ಹಾಕಿ ಬರಬೇಕಾಯಿತು. ಗ್ಯಾಸಿನ ಬೆಲೆ ಎರಡು ವಾರಗಳಲ್ಲಿ ಒಂದೂವರೆ ಪಟ್ಟಾಯಿತು. ನಾನು ಹಲಗೆಯ ಮೇಲೆ ಬರೆದ ವಾರದ ಸರಾಸರಿ ಇಪ್ಪತ್ನಾಲ್ಕು, ಮುಂದಿನ ವಾರ ಇಪ್ಪತ್ತೊಂಬತ್ತು, ಅದರ ಮುಂದಿನ ವಾರ ಮೂವತ್ತಮೂರು. ಇಪ್ಪತ್ಮೂರು ವರ್ಷಗಳಲ್ಲಿ ನಾನು ಮೂವತ್ತು ದಾಟಿದ ಸರಾಸರಿ ಬರೆದೇ ಇರಲಿಲ್ಲ.

ಆ ಸೋಮವಾರ ಪುರಸಭೆಯ ಅಧ್ಯಕ್ಷರು ಚನ್ನವೀರಗೌಡರು ಸಭೆ ಕರೆದರು. ಒಳ್ಳೆಯ ಮನುಷ್ಯ, ಸ್ವಲ್ಪ ಗಾಬರಿ ಸ್ವಭಾವ. ಅವರು ಚಿಕ್ಕವರಿದ್ದಾಗ ಒಂದು ಸಲ ಹೊಂಡ ತುಳುಕಿ ಓಣಿಯೊಳಗೆ ನುಗ್ಗಿ ಅವರ ಸೋದರತ್ತೆಯನ್ನು ಕೊಚ್ಚಿಕೊಂಡು ಹೋಗಿತ್ತು. ಅದನ್ನು ಅವರು ಮರೆತವರಲ್ಲ.

“ಬುಧವಾರದೊಳಗೆ ಓಣಿ ಖಾಲಿ ಆಗ್ಬೇಕು,” ಎಂದರು. “ಹತ್ತು ದಿವಸ ಎಲ್ಲಾರೂ ಶಾಲೆ ಕಟ್ಟಡದಾಗೆ ಇರ್ರಿ. ಊಟದ ವ್ಯವಸ್ಥೆ ನನ್ದು.”

ಓಣಿಯ ಹಿರಿಯ ಕೊಟ್ರಯ್ಯ ಎದ್ದು ನಿಂತ. ಮೊಣಕೈವರೆಗೆ ನೀಲಿಯಾದ ಎರಡು ಕೈಗಳನ್ನೂ ಮುಂದೆ ಚಾಚಿದ. “ನಮ್ಮನ್ನ ಶಾಲೀಗೆ ಕರ್ಕೊಂಡು ಹೋಗ್ತೀರಿ ಗೌಡ್ರೆ, ಸರಿ. ಬಾನಿ ಹೆಂಗೆ ಎತ್ಕೊಂಡು ಹೋಗ್ಲಿ? ಹತ್ತು ದಿವಸ ಬಿಟ್ರೆ ಇಪ್ಪತ್ತೊಂದು ಬಾನೀನೂ ಸತ್ತು ಹೋಗ್ತವೆ. ಆಮೇಲೆ ನಾವು ವಾಪಸ್ ಬಂದು ಏನು ಮಾಡಾದು?”

“ಜೀವ ಇದ್ರೆ ಬಾನಿ ಇನ್ನೊಂದು ಹಾಕ್ಕೋಬಹುದಲ್ಲೋ.”

“ಎಲ್ಲಾ ಬಾನೀನೂ ಒಟ್ಟಿಗೆ ಸತ್ರೆ ಹೆಪ್ಪು ಎಲ್ಲಿಂದ ತರಾದು?” ಹಿಂದಿನಿಂದ ಹೊನ್ನೂರಮ್ಮ ಕೇಳಿದಳು. ಓಣಿಯ ತಗ್ಗಿನ ತುದಿಯಲ್ಲಿ ಅವಳ ಮನೆ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಬಾನಿ ನಡೆಸಿಕೊಂಡು ಬಂದವಳು. ಅವಳ ನೀಲಿಯಷ್ಟು ಗಾಢ ನೀಲಿ ಓಣಿಯಲ್ಲಿ ಬೇರೆ ಇರಲಿಲ್ಲ. ಅವಳು ಅಧ್ಯಕ್ಷರನ್ನು ಬಿಟ್ಟು ನನ್ನ ಕಡೆ ತಿರುಗಿದಳು. “ಚಂಪಕ್ಕ, ನೀನು ಹೇಳು. ನೀರು ಎಲ್ಲಿ ಮಟ ಬರ್ತತಿ?”

ಎಲ್ಲರೂ ನನ್ನ ಕಡೆ ನೋಡಿದರು. ನನ್ನ ಹತ್ತಿರ ನೋಟ್‌ಬುಕ್ ಇತ್ತು. ಮುಂದಿನ ವಾರದ ಸರಾಸರಿ ಮೂವತ್ತೈದು ಎಂದು ಹೇಳಿ ಕೂರುವವಳಿದ್ದೆ. ಬಾಯಿ ತೆರೆದಾಗ ನನಗೇ ಒಂದು ವಿಷಯ ಹೊಳೆಯಿತು. ನೀರು ಬಾಗಿಲಿಗೆ ಬರುವುದು ಸರಾಸರಿಯ ಲೆಕ್ಕದಲ್ಲಿ ಅಲ್ಲ. ಮಧ್ಯಾಹ್ನ ದೇಶದ ತುಂಬ ಸೋಲಾರ್ ಹಲಗೆಗಳು ಬಿಸಿಲು ಕುಡಿಯುವಾಗ ನಮ್ಮ ಹೊಂಡ ಮೂವತ್ತಕ್ಕೆ ಇಳಿದಿರುತ್ತದೆ. ಸೂರ್ಯ ಮುಳುಗಿ, ಮನೆಮನೆಯಲ್ಲೂ ದೀಪ ಹತ್ತಿ, ಏಸಿ ಇನ್ನೂ ತಿರುಗುತ್ತಿರುವ ಆ ಎರಡು ಗಂಟೆ ಹೊತ್ತು ಮಾತ್ರ ನೀರು ಎದ್ದು ಬರುತ್ತದೆ. ಇಷ್ಟು ವರ್ಷ ಮೂರೂ ಹೊತ್ತಿನ ಅಂಕಿ ಬರೆದುಕೊಂಡು, ಕೂಡಿ, ಭಾಗಿಸಿ, ಹಲಗೆಯ ಮೇಲೆ ಒಂದೇ ಒಂದು ಅಂಕಿ ಹಾಕುತ್ತಿದ್ದೆ. ಸಂಜೆಯದು ಅದರೊಳಗೆ ಮುಳುಗಿ ಹೋಗುತ್ತಿತ್ತು.

ಪುಟ ತಿರುವಿ ಸಂಜೆಯ ಅಂಕಿಗಳನ್ನಷ್ಟೇ ಬೆರಳಿಟ್ಟು ಓದಿದೆ. ಮೂವತ್ತೇಳು, ಮೂವತ್ತೆಂಟು, ನಿನ್ನೆ ಭಾನುವಾರವಾದ್ದರಿಂದ ಮೂವತ್ತಾರು.

“ಬುಧವಾರ ಸಂಜೆ ನೀರು ನಲವತ್ತು ದಾಟ್ತತಿ,” ಎಂದೆ. ಸಭೆಯಲ್ಲಿ ಗುಸುಗುಸು ಎದ್ದಿತು. ದನಿ ಏರಿಸಿದೆ. “ಕೇಳ್ರಿ ಇಲ್ಲಿ. ದಾಟ್ತತಿ, ಆದ್ರೆ ನಿಂತ್ಕೊಳಲ್ಲ. ಸಂಜೆ ಆರೂವರೆಗೆ ಬಂದು ಎಂಟೂವರೆಗೆ ಇಳೀತತಿ. ಬುಧವಾರ, ಗುರುವಾರ, ಶುಕ್ರವಾರ, ಮೂರೇ ಸಂಜೆ. ಶನಿವಾರ ಪಡುವಣದ ಗಾಳಿ ಬರ್ತತಿ ಅಂತ ಮೂರೂ ಪೇಪರ್‌ನಾಗೆ ಐತಿ, ಗಾಳಿಗಿರಣಿ ತಿರುಗ್ತವೆ. ಭಾನುವಾರ ಕಾರ್ಖಾನೆಗೆ ರಜಾ. ಸೋಮವಾರ ರಿಪೇರಿಗೆ ನಿಂತಿದ್ದ ಎರಡು ಸ್ಥಾವರ ಶುರು ಆಗ್ತವೆ. ಮೂರು ಸಂಜೆ, ದಿನಕ್ಕೆ ಎರಡು ತಾಸು. ಇದಕ್ಕೆ ಹತ್ತು ದಿವಸ ಮನೆ ಬಿಡಾದು ಬೇಡ. ಓಣಿ ಬಾಯಿಗೆ ಒಂದು ಒಡ್ಡು ಹಾಕ್ರಿ, ಸಾಕು.”

ಗೌಡರು ಕನ್ನಡಕ ತೆಗೆದು ಒರೆಸಿದರು. “ಎಷ್ಟು ಎತ್ತರ?”

ನಮ್ಮ ಹೊಂಡದ ಒಂದು ಮೆಟ್ಟಿಲು ಒಂದು ಗೇಣು. “ನಲವತ್ತೊಂದರ ಮೇಲೆ ಹೋಗಲ್ಲ. ಒಂದೂವರೆ ಗೇಣು ಹಾಕಿದ್ರೆ ಬೇಕಾದಷ್ಟಾತು.”

“ಖಂಡಿತಾನಾ ಚಂಪಕ್ಕ?”

“ಖಂಡಿತ. ನಾನೇ ಓಣೀಲಿ ನಿಂತಿರ್ತೀನಿ.”

ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಕೊನೆಗೆ, ಮಕ್ಕಳು, ಬಾಣಂತಿಯರು, ಕೈಲಾಗದವರು ಶಾಲೆಗೆ ಹೋಗಬೇಕು, ಗಟ್ಟಿ ಇರುವವರು ಉಳಿಯಬಹುದು ಎಂದು ಒಪ್ಪಿದರು. ತಾವೇ ಹೋಗಿ ಪುರಸಭೆಯ ಗೋದಾಮಿನ ಬೀಗ ತೆಗೆಸಿ ಖಾಲಿ ಗೋಣಿಚೀಲ ಹೊರಿಸಿ ಕಳಿಸಿದರು.

ಮಂಗಳವಾರ ಇಡೀ ದಿನ ಊರಿಗೆ ಊರೇ ಚೀಲಕ್ಕೆ ಮಣ್ಣು ತುಂಬಿತು. ಪೇಟೆ ಬೀದಿಯ ಅಂಗಡಿಯವರು ಬಂದರು, ಮಸೀದಿ ಓಣಿಯ ಹುಡುಗಿಯರು ಬುತ್ತಿ ಕಟ್ಟಿಕೊಂಡು ಬಂದರು, ಎಂದೂ ಸಲಿಕೆ ಹಿಡಿಯದ ಬ್ಯಾಂಕಿನ ಮ್ಯಾನೇಜರು ಅಂಗೈಗೆ ಬೊಕ್ಕೆ ಬರಿಸಿಕೊಂಡರು. ಬುಧವಾರ ಮಧ್ಯಾಹ್ನದ ಹೊತ್ತಿಗೆ ಓಣಿಯ ಬಾಯಿಯ ಉದ್ದಕ್ಕೂ ಒಂದೂವರೆ ಗೇಣಿನ ಒಡ್ಡು ನಿಂತಿತ್ತು. ಇನ್ನೂ ಎಂಬತ್ತು ಚೀಲ ಉಳಿದಿದ್ದವು. ಕೊಟ್ರಯ್ಯ ಸೊಂಟ ಹಿಡಿದುಕೊಂಡು ಕೇಳಿದ, “ಇವನ್ನೂ ತುಂಬಿ ಮೇಲೆ ಇಟ್ಟುಬಿಡಾಣೇನು? ಎರಡು ಗೇಣು ಆಕತಿ.”

ಎಲ್ಲರೂ ದಣಿದಿದ್ದರು. ಮಣ್ಣು ಬರುತ್ತಿದ್ದದ್ದು ಊರಾಚೆಯಿಂದ. “ಬೇಡ ಬಿಡಪ್ಪ,” ಎಂದೆ. “ನಲವತ್ತೊಂದು ಅಂದ್ರೆ ನಲವತ್ತೊಂದು.”

ಆ ಸಂಜೆ ಆರೂವರೆಗೆ ನೀರು ಬಂತು. ಸದ್ದಿಲ್ಲ, ಅಲೆಯಿಲ್ಲ. ನಲವತ್ತನೆಯ ಮೆಟ್ಟಿಲನ್ನು ಒದ್ದೆ ಮಾಡಿ, ಒಡ್ಡಿನ ಬುಡಕ್ಕೆ ತಾಗಿ, ಅರ್ಧ ಗೇಣು ಏರಿ ನಿಂತಿತು. ಜಿನುಗಿದ್ದನ್ನು ನಾವು ಸಾಲಾಗಿ ನಿಂತು ಬಕೀಟಿನಲ್ಲಿ ಎತ್ತಿ ಹೊಂಡಕ್ಕೇ ಸುರಿದೆವು. ಎಂಟೂವರೆಗೆ ನೀರು ಹೇಳಿದ ಹಾಗೆ ಇಳಿಯಿತು. ಗುರುವಾರ ಮುಕ್ಕಾಲು ಗೇಣು. ಎರಡನೆಯ ದಿನಕ್ಕೆ ಜನರಿಗೆ ಅಭ್ಯಾಸವೇ ಆಯಿತು. ಬಕೀಟು ದಾಟಿಸುತ್ತ ತಮಾಷೆ ಮಾಡಿದರು, ಯಾರೋ ಮಂಡಕ್ಕಿ ಮೆಣಸಿನಕಾಯಿ ತಂದು ಹಂಚಿದರು. ಹೊನ್ನೂರಮ್ಮ ಎರಡು ಬಕೀಟಿನ ನಡುವೆ ಓಡಿ ಹೋಗಿ ಬಾನಿ ಕಲಕಿ ಬರುತ್ತಿದ್ದಳು. “ಮೀಟರ್ ಬಾಯಿ,” ಎಂದು ನನ್ನ ಬೆನ್ನಿಗೆ ಗುದ್ದಿದಳು, “ನಿನ್ನ ಬಾಯಾಗೆ ಮೀಟರ್ ಐತಿ ನೋಡು.” ನನಗೆ ಹಿಗ್ಗು. ಸುಳ್ಳು ಯಾಕೆ ಹೇಳಲಿ.

ಶುಕ್ರವಾರ ಬೆಳಿಗ್ಗೆಯ ಪೇಪರಿನಲ್ಲಿ ಹೊಸದೇನೂ ಇರಲಿಲ್ಲ. ಅಂದು ಮಧ್ಯಾಹ್ನ ಗ್ಯಾಸ್ ತರುತ್ತಿದ್ದ ಒಂದು ಹಡಗು ಹೆಚ್ಚು ಬೆಲೆ ಕೊಟ್ಟ ಇನ್ನೊಂದು ದೇಶದ ಕಡೆ ತಿರುಗಿತು, ಉತ್ತರದ ಯಾವುದೋ ದೊಡ್ಡ ಸ್ಥಾವರದ ಬಾಯ್ಲರು ನಿಂತಿತು. ಇದೆಲ್ಲ ನನಗೆ ಗೊತ್ತಾದದ್ದು ಶನಿವಾರದ ಪೇಪರಿನಲ್ಲಿ. ಹೊಂಡಕ್ಕೆ ಮಾತ್ರ ಶುಕ್ರವಾರ ಸಂಜೆಯೇ ಗೊತ್ತಾಯಿತು.

ಏಳು ಗಂಟೆಗೆ ನೀರು ಒಂದು ಗೇಣು ಇತ್ತು. ನಲವತ್ತೊಂದು. ಇಲ್ಲಿಗೆ ನಿಲ್ಲುತ್ತದೆ ಎಂದು ನಾನು ಒಡ್ಡಿನ ಮೇಲೆ ಕೈ ಇಟ್ಟುಕೊಂಡು ಕುಳಿತಿದ್ದೆ. ಏಳೂ ಕಾಲಿಗೆ ನೀರು ನನ್ನ ಬೆರಳು ಮುಟ್ಟಿತು. ನಾನು ಕೈ ಎತ್ತಲಿಲ್ಲ. ಮೊದಲು ಬೆರಳು, ಆಮೇಲೆ ಹಿಂಗೈ ಒದ್ದೆಯಾಯಿತು.

“ಚಂಪಕ್ಕ!” ಕೊಟ್ರಯ್ಯ ಕೂಗಿದ. “ದಾಟ್ತೈತಲ್ಲ!”

ಉಳಿದಿದ್ದ ಎಂಬತ್ತು ಖಾಲಿ ಚೀಲಗಳಿಗೆ ತುಂಬಲು ಮಣ್ಣಿರಲಿಲ್ಲ. ಅಂಗಡಿಯವರು ಅಕ್ಕಿ ಮೂಟೆಯನ್ನೇ ಹೊತ್ತು ತಂದು ಇಟ್ಟರು. ಗೌಡರು ಪಂಚೆ ಎತ್ತಿ ಕಟ್ಟಿ ತಾವೇ ಮೂಟೆಗೆ ಭುಜ ಕೊಟ್ಟರು. ಓಣಿಯ ಮೇಲಿನ ತುದಿಯನ್ನೂ ನಡುವನ್ನೂ ಹೇಗೋ ಉಳಿಸಿಕೊಂಡೆವು. ತಗ್ಗಿನ ತುದಿಗೆ ಮೂಟೆ ತಲುಪುವಷ್ಟರಲ್ಲಿ ನೀರು ಅಲ್ಲಿ ಒಡ್ಡನ್ನು ದಾಟಿ, ಹೊನ್ನೂರಮ್ಮನ ಹೊಸ್ತಿಲು ದಾಟಿ, ನಡುಮನೆ ದಾಟಿ ಹಿತ್ತಲಿಗೆ ಇಳಿದಿತ್ತು. ನಾನು ಓಡಿ ಹೋದಾಗ ಅವಳು ಬಾನಿಯ ಬಾಯಿಗೆ ಅಡ್ಡಲಾಗಿ ಮಲಗಿದ್ದಳು, ಎರಡೂ ಕೈಯಿಂದ ಅಂಚು ತಬ್ಬಿಕೊಂಡು. ನೀರು ಅವಳ ಪಕ್ಕೆಯ ಕೆಳಗಿಂದ ಒಳಗೆ ಹೋಗುತ್ತಿತ್ತು. ಬಾನಿಯ ಮೇಲಿನ ತಾಮ್ರದ ಬಣ್ಣದ ನೊರೆ ಒಡೆದು, ತೆಳುವಾಗಿ, ಅಂಗಳದ ತುಂಬ ಹರಡಿಕೊಂಡಿತು. ನಾನೂ ಗೌಡರೂ ಸೇರಿ ಅವಳನ್ನು ಎತ್ತಿದೆವು.

ಆ ಸಂಜೆ ನೀರು ನಲವತ್ತೆರಡಕ್ಕೆ ಹೋಗಿ ಇಳಿಯಿತು. ಯಾರ ಜೀವಕ್ಕೂ ಏನೂ ಆಗಲಿಲ್ಲ. ಇಪ್ಪತ್ತು ಬಾನಿ ಉಳಿದವು, ಒಂದು ಸತ್ತಿತು.

ಶನಿವಾರ ಪಡುವಣ ಗಾಳಿ ಬಂತು. ಮಧ್ಯಾಹ್ನವೇ ನನ್ನ ಸೆರಗು ನಿಲ್ಲದಂತೆ ಬೀಸಿತು, ಸಂಜೆ ನೀರು ಮೂವತ್ತೆಂಟರ ಮೇಲೆ ಬರಲಿಲ್ಲ. ಭಾನುವಾರ ಮೂವತ್ತೊಂದು. ಊರು ನಿರಾಳವಾಯಿತು. ದಾರಿಯಲ್ಲಿ ಸಿಕ್ಕವರು, “ಮೂರು ಸಂಜೆ ಅಂದ್ರಿ, ಮೂರೇ ಸಂಜೆ ಆತು ನೋಡ್ರಿ,” ಎಂದು ಹೊಗಳಿದರು. ಗೌಡರು ಎಲ್ಲರೆದುರು ನನಗೆ ಕೈ ಮುಗಿದರು. ಅವರು ಕೈ ಮುಗಿದದ್ದು ನನಗೆ ಹೊಡೆತದಂತೆ ಕಂಡಿತು. ಎಂಬತ್ತು ಚೀಲ ಬೇಡ ಎಂದವಳು ನಾನು. ಅದನ್ನು ಯಾರೂ ಎತ್ತಿ ಆಡಲಿಲ್ಲ, ಹೊನ್ನೂರಮ್ಮ ಕೂಡ. ಅವಳು ನನ್ನ ಜೊತೆ ಮಾತನ್ನೇ ಬಿಟ್ಟಳು.

ಆ ವಾರದ ವರದಿ ಬರೆಯಲು ಶನಿವಾರ ಸಂಜೆಯೇ ಸೀಮೆಸುಣ್ಣ ಹಿಡಿದು ನಿಂತಿದ್ದೆ. ವಾರದ ಸರಾಸರಿ ಮೂವತ್ತೈದು, ಹಿಂದಿನ ವಾರಕ್ಕಿಂತ ಎರಡು ಮೆಟ್ಟಿಲು ಮೇಲೆ. ಅಂದಾಜು ಮಾಡಿದ್ದೂ ಮೂವತ್ತೈದೇ. ಹಾಗೆ ಬರೆದು ಬಿಟ್ಟಿದ್ದರೆ ಹಲಗೆಯ ಮಟ್ಟಿಗೆ ನಾನು ಗೆದ್ದವಳೇ. ಅದರ ಪಕ್ಕದಲ್ಲಿ ಒಂದು ಗೆರೆ ಎಳೆದು ಸಂಜೆಯ ಅಂಕಿಗೆ ಬೇರೆ ಮನೆ ಮಾಡಿದೆ. ಕೆಳಗೆ ದೊಡ್ಡ ಅಕ್ಷರದಲ್ಲಿ ಬರೆದೆ: ‘ಶುಕ್ರವಾರ ಸಂಜೆ ನಲವತ್ತೊಂದು ಎಂದು ಹೇಳಿದ್ದೆ. ನಲವತ್ತೆರಡಾಯಿತು. ಕೊಟ್ರಯ್ಯ ಇನ್ನೂ ಚೀಲ ಇಡೋಣ ಎಂದಿದ್ದ, ನಾನು ಬೇಡ ಎಂದೆ. ಹೊನ್ನೂರಮ್ಮನ ಬಾನಿ ಹೋದದ್ದು ನನ್ನಿಂದ.’ ಜನ ಬಂದು ಓದಿದರು. ಕೆಲವರು, ಅಷ್ಟೆಲ್ಲ ಯಾಕೆ ಬರೀತೀರಿ, ಒರೆಸ್ರಿ ಎಂದರು. ನಾನು ಒರೆಸಲಿಲ್ಲ. ಬೇರೆ ಅಂಕಿಗಳು ಎಷ್ಟು ದಿನ ಇರುತ್ತವೆಯೋ ಅದೂ ಅಷ್ಟು ದಿನ ಇರಲಿ ಎಂದು ಬಿಟ್ಟೆ.

ಸೋಮವಾರ ಬೆಳಿಗ್ಗೆ ಕೆಲಸ ಮುಗಿಸಿ ಹೊನ್ನೂರಮ್ಮನ ಮನೆಗೆ ಹೋದೆ. ಅವಳು ಸತ್ತ ಬಾನಿಯಿಂದ ಕೊಳೆತ ನೀರು ಎತ್ತಿ ಚೆಲ್ಲುತ್ತಿದ್ದಳು. ನಾನು ಇನ್ನೊಂದು ತಂಬಿಗೆ ತೆಗೆದುಕೊಂಡು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತೆ. ತಳ ಕಾಣುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಆಮೇಲೆ ಇಬ್ಬರೂ ಸೇರಿ ಒಳಗೋಡೆಯನ್ನು ತೆಂಗಿನ ನಾರಿನಿಂದ ಉಜ್ಜಿದೆವು.

ಸಂಜೆ ಓಣಿಯವರು ಒಬ್ಬೊಬ್ಬರಾಗಿ ಬಂದರು. ಕೊಟ್ರಯ್ಯ ಮೊದಲು ಬಂದವನು. ಅವನ ಕೈಯಲ್ಲಿ ಬಟ್ಟೆ ಮುಚ್ಚಿದ ಒಂದು ಕೊಡ. ಅದರಲ್ಲಿ ಅವನ ಬಾನಿಯ ನೀಲಿ, ಬೆಚ್ಚಗೆ, ನೊರೆ ಸಮೇತ. “ನಮ್ಮಮ್ಮನ ಕಾಲದ್ದು,” ಎಂದು ಹೇಳಿ ಸುರಿದ. ಅವನ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಇಪ್ಪತ್ತು ಮನೆಗಳಿಂದ ಇಪ್ಪತ್ತು ಕೊಡ. ಹೊನ್ನೂರಮ್ಮ ತೌಡು, ಬೆಲ್ಲ, ಸುಣ್ಣ ಹಾಕಿದಳು, ಬಾಯಿಗೆ ಕಂಬಳಿ ಮುಚ್ಚಿದಳು, ಸುತ್ತ ಸಗಣಿ ಕುರುಳು ಹಚ್ಚಿ ಕಾವು ಕೊಟ್ಟಳು. ನಾನು ದಿನಾ ಆರರ, ಏಳರ ಓದು ಮುಗಿಸಿ ಅವಳ ಹಿತ್ತಲಿಗೆ ಹೋಗಿ ಕಲಕುವ ಕೋಲು ಹಿಡಿಯುತ್ತಿದ್ದೆ. ಎಡಕ್ಕೆ ಹತ್ತು ಸುತ್ತು, ಬಲಕ್ಕೆ ಹತ್ತು ಸುತ್ತು. ಕಲಿಸಿದ್ದು ಕೊಟ್ರಯ್ಯ. ಅವಳು ಗೋಡೆಗೊರಗಿ ನೋಡುತ್ತಿದ್ದಳು.

ಒಂಬತ್ತನೆಯ ದಿನ ಕಂಬಳಿ ತೆಗೆದಾಗ ಮೂಗಿಗೆ ಹುಳಿಹುಳಿ ವಾಸನೆ ಬಡಿಯಿತು. ನೀರಿನ ಮೇಲೆ ತಾಮ್ರದ ಬಣ್ಣದ ಒಂದು ಪದರ ಕೂತು, ನಡುವೆ ಅಂಗೈಯಗಲ ನೊರೆ ಎದ್ದಿತ್ತು. ಹೊನ್ನೂರಮ್ಮ ಬಗ್ಗಿ ಒಂದು ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡಳು. ಆಮೇಲೆ ಒಂದು ನೂಲಿನ ಲಡಿ ತೆಗೆದುಕೊಂಡು ಒಳಗಿಳಿಸಿದಳು. ಹೊರಗೆ ತೆಗೆದಾಗ ಅದು ಎಳೆ ಹುಲ್ಲಿನಂತೆ ಹಸಿರಾಗಿತ್ತು. ಗಾಳಿ ತಾಗಿದಂತೆ ತುದಿಯಿಂದ ತುದಿಗೆ ನೀಲಿಯಾಗುತ್ತ ಬಂತು. ಮೊದಲಿನಷ್ಟು ಗಾಢವಿರಲಿಲ್ಲ. ಅವಳು ಅದನ್ನು ಬಿಸಿಲಿಗೆ ಎತ್ತಿ ಹಿಡಿದು, ತಿರುಗಿಸಿ ನೋಡಿ, ಹಿಂಡಿ, ಹಗ್ಗದ ಮೇಲೆ ಹಾಕಿದಳು.

ಕೈ ಒರೆಸಿಕೊಳ್ಳುತ್ತ ನನ್ನ ಕಡೆ ತಿರುಗಿದಳು. ಹನ್ನೆರಡು ದಿನಗಳಾಗಿದ್ದವು ನಾನು ಅವಳ ದನಿ ಕೇಳಿ.

“ಮುಂದಿನ ವಾರ ಎಷ್ಟು?”

ನನ್ನ ಕೆಲಸ ನನಗೆ ಗೊತ್ತು. “ಸರಾಸರಿ ಇಪ್ಪತ್ತಾರು. ಕಲ್ಲಿದ್ದಲು ಸ್ವಲ್ಪ ಇಳಿದೈತಿ, ಗಾಳಿ ಐತಿ. ಸಂಜೆಗೆ ಮೂವತ್ತು,” ಎಂದೆ. “ನಾನು ತಪ್ಪಿದ್ರೆ ಒಂದು ಮೇಲೆ.”

ಹೊನ್ನೂರಮ್ಮ ಬಾನಿಗೆ ಕಂಬಳಿ ಎಳೆದು ಅಂಚು ಸರಿಪಡಿಸಿದಳು.

“ಹಂಗಾದ್ರೆ ನಾನು ಮೂವತ್ತೊಂದು ಅಂತಾನೆ ಇಟ್ಕಂತೀನಿ,” ಎಂದಳು. “ಬಾ ಒಳಗೆ, ರೊಟ್ಟಿ ಆರ್ತತಿ.”